ಮಾವನ ಬಿಪಿ ಮಿಷನ್

ತೆರಕಣಾಂಬಿಯ ನನ್ನ ಸೋದರಮಾವನ ಎದುರು ಕೈ ಚಾಚುವವರು ಹುಷಾರಾಗಿರಬೇಕು. ಕೈ ಕುಲುಕುವಷ್ಟರಲ್ಲಿ ರಟ್ಟೆಗೆ ಬಿಪಿ ನೋಡುವ ಪಟ್ಟಿ ಸುತ್ತಿಬಿಡುವ ಆಸಾಮಿ!

ಮಾವ ಅರಿಶಿನದ ವ್ಯಾಪಾರಿ. ಜೊತೆಯಲ್ಲೇ ವ್ಯಾಪಾರ ಮಾಡುತ್ತಿದ್ದ ಗೆಳೆಯನಿಗೆ ಒಂದು ಬೆಳಿಗ್ಗೆ ಲಕ್ವ ಹೊಡೆದು ಮಾತೇ ನಿಂತುಹೋಯಿತು. ಬಿಪಿ ಇದ್ದದ್ದು ಪಾಪ, ಆತನಿಗೇ ಗೊತ್ತಿರಲಿಲ್ಲ. ಮಾವ ಸೀದಾ ಚಾಮರಾಜನಗರಕ್ಕೆ ಹೋಗಿ ಮಿಷನ್ ತಂದರು. ಶುರುವಾಯಿತು ನೋಡಿ ಊರಿನ ಗ್ರಹಚಾರ!

ಒಮ್ಮೆ ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಹೊರಟುನಿಂತ ಡ್ರೈವರನ ಕೈಗೇ ಪಟ್ಟಿ ಸುತ್ತಿದರು. ಕಂಡಕ್ಟರ್ ಸೀಟಿ ಊದಿ ಊದಿ ಕೆಂಪಾದ. ಮಾವ ಡ್ರೈವರನ ಬೆನ್ನು ತಟ್ಟಿ, "ನಿಂಗೇನೂ ಇಲ್ಲ, ಓಗಪ್ಪ. ಕಂಡಕ್ಟರ್‌ನ ಮಾತ್ರ ಒಸಿ ನೋಡ್ಬೇಕು" ಎಂದರು!

ತಮ್ಮ ಮಗಳನ್ನು ನೋಡಲು ಬಂದವರನ್ನಾದರೂ ಬಿಟ್ಟರೇ? ಕಾಫಿ ಬರುವ ಮೊದಲೇ ಗಂಡಿನ ತಂದೆಯ ತೋಳು ಹಿಡಿದರು.

"ಜಾತಕ ನೋಡ್ಬೇಕಿತ್ತಲ್ಲ?" ಎಂದರು ಅವರು.

"ಅದ ಆಮ್ಯಾಕೆ ನೋಡನ ಬುಡಿ. ಮೊದ್ಲು ಇದ ನೋಡನ."

ಬಿಪಿ ಏರಿತ್ತು. ಅದನ್ನು ಮಾವ ಎಲ್ಲರೆದುರೂ ಗಟ್ಟಿಯಾಗಿ ಹೇಳಿದರು! ಬಂದವರು ಮುಖ ಊದಿಸಿಕೊಂಡು ಎದ್ದುಹೋದರು. ಸಂಬಂಧ ಮುರಿಯಿತೆಂದೇ ನಾವೆಲ್ಲ ತಲೆಮೇಲೆ ಕೈ ಹೊತ್ತೆವು. ಕೆಲವು ದಿನ ಕಳೆದು ಗಂಡಿನ ತಂದೆಯೇ ಫೋನ್ ಮಾಡಿದರು: "ಡಾಕ್ಟ್ರೂ ಅದ್ನೇ ಯೋಳುದ್ರು. ಗುಳಿಗೆ ತಕತಾವ್ನಿ. ಮದ್ವೆ ಯಾವಾಗ ಮಡಿಕಳನ?"

ಮಾವನಿಗೆ ಬಗ್ಗದಿದ್ದವರು ಅತ್ತೆಯೊಬ್ಬರೇ. "ಅತ್ಲಾಗೆ ಓಗಿ! ನಂಗೇನಾಗದೆ? ಗುಂಡ್ಕಲ್ನಂಗಿವ್ನಿ" ಎಂದು ಗದರುತ್ತಿದ್ದರು.

ಆ ಅತ್ತೆ ಒಂದು ಮಧ್ಯಾಹ್ನ ಮುದ್ದೆ ಕಟ್ಟುತ್ತಿದ್ದವರು ತಲೆಸುತ್ತಿ ಗೋಡೆಗೊರಗಿದರು. ತಾವೇ ಕೈ ಚಾಚಿದರು. ಊರಿಗೆಲ್ಲ ಪಟ್ಟಿ ಸುತ್ತಿದ ಮಾವನಿಗೆ ಅವತ್ತು ಪಟ್ಟಿಯ ಯಾವ ತುದಿ ಎಲ್ಲಿಗೆಂದೇ ತೋಚಲಿಲ್ಲ, ಊಟಕ್ಕೆ ಬಂದಿದ್ದ ನಾನೇ ಸುತ್ತಬೇಕಾಯಿತು. ಬಿಪಿ ವಿಪರೀತ ಏರಿತ್ತು. ಕೂಡಲೇ ಕಾರು ಮಾಡಿಕೊಂಡು ಚಾಮರಾಜನಗರದ ಆಸ್ಪತ್ರೆಗೆ ಕರೆದೊಯ್ದೆವು. "ಸರಿಯಾದ ಹೊತ್ತಿಗೆ ಬಂದಿದ್ದೀರಿ" ಎಂದ ಡಾಕ್ಟರು, ಮಾತ್ರೆ ಬರೆದು, ಉಪ್ಪು ಕಡಿಮೆ ಮಾಡಿ ಎಂದರು.

ಮೊನ್ನೆ ಹೋದಾಗ ಊಟಕ್ಕೆ ಕೂತೆ. ಮಾವನ ತಟ್ಟೆಯಲ್ಲೂ ಸಪ್ಪೆ ಸಾರು!

"ನಿಮಗೇನೂ ಬಿಪಿ ಇಲ್ಲವಲ್ಲ ಮಾವ?"

"ಬ್ಯಾರೆ ಸಾರು ಮಾಡ್ತೀನಿ ಅಂದ್ರೂ ಬ್ಯಾಡ ಅಂತಾರೆ ಕಣಪ್ಪ" ಎಂದರು ಅತ್ತೆ.

ಮಾವ ತಟ್ಟೆಯಿಂದ ತಲೆಯೆತ್ತಲಿಲ್ಲ.

"ಅವ್ಳೊಬ್ಳೇ ಎಂಗ್ಲಾ ಸಪ್ಪೆ ಉಂಡಾಳು?"