ತಾರಸಿಯ ಮೇಲೆ ಎರಡು ಹಾಯಿದೋಣಿ

ನನ್ನ ಸೋದರಮಾವ ಬಸವೇಶ್ವರನಗರದಲ್ಲಿ ಎರಡು ಹಾಯಿದೋಣಿ ಇಟ್ಟುಕೊಂಡಿದ್ದಾರೆ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ. ನಾನು ಹೇಳುವ ಯಾವುದನ್ನೂ ಅಷ್ಟು ಸುಲಭವಾಗಿ ನಂಬಬೇಡಿ. ನಾಗರಬಾವಿಯ ಕ್ಯಾಂಪಸ್ಸಿನಲ್ಲಿ ಆರು ವರ್ಷ ತತ್ತ್ವಶಾಸ್ತ್ರ ಓದಿ ನಾನು ಕಲಿತದ್ದು ಒಂದೇ ವಿದ್ಯೆ: ಯಾರು ಏನು ಹೇಳಿದರೂ ‘ಪುರಾವೆ ಎಲ್ಲಿ?’ ಎಂದು ಕೇಳುವುದು. ಈಚೆಗೆ ಆ ಪ್ರಶ್ನೆ ನನ್ನ ನೆನಪಿನ ಮೇಲೇ ತಿರುಗಿ ಬಿದ್ದಿದೆ. ಮಾವ ಒಮ್ಮೆ ಕೆರೆಯಲ್ಲಿ ಪೆಡಲ್ ಬೋಟ್ ಹತ್ತಿ, ದಡದಿಂದ ಹತ್ತು ಮಾರು ಹೋಗುವಷ್ಟರಲ್ಲಿ ವಾಂತಿ ಮಾಡಿಕೊಂಡರು ಎಂಬುದು ನನ್ನ ಸ್ಪಷ್ಟ ನೆನಪು. ‘ವಾಂತಿ ಮಾಡ್ಕೊಂಡಿದ್ದು ನೀನು, ತೊಳೆದಿದ್ದು ಅವನು’ ಎನ್ನುತ್ತಾಳೆ ಅಮ್ಮ.

ಇಷ್ಟಂತೂ ಖಚಿತ. ಮಾವನಿಗೆ ಈಜು ಬರುವುದಿಲ್ಲ. ಅವರು ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಫೋರ್‌ಮನ್ ಆಗಿದ್ದು ನಿವೃತ್ತರಾದವರು. ಕೂದಲೆಳೆಯಷ್ಟು ಅಳತೆ ತಪ್ಪಿದರೂ ಮಾಲನ್ನು ವಾಪಸ್ ಕಳಿಸುತ್ತಿದ್ದವರು. ಮದುವೆಮನೆಯಲ್ಲಿ ಎಲೆಗೆ ಬಿದ್ದ ಹೋಳಿಗೆ ಸರಿಯಾಗಿ ದುಂಡಗಿದೆಯೇ ಎಂದು ಈಗಲೂ ಅನುಮಾನದಿಂದ ನೋಡುತ್ತಾರೆ. ಇನ್ನು ಅವರ ಬೀದಿ ಕಂಡಿರುವ ಅತಿ ದೊಡ್ಡ ಜಲರಾಶಿ ಎಂದರೆ ನೀರಿನ ಟ್ಯಾಂಕರ್. ಇಂಥವರು ಅತ್ತೆಯ ಮಂಡಿ ಆಪರೇಷನ್ ಆದ ತಿಂಗಳಲ್ಲೇ ಮೊಬೈಲಿನಲ್ಲಿ ಸಮುದ್ರಯಾನದ ವಿಡಿಯೋ ನೋಡತೊಡಗಿದರು!

ಆಗ ನಮಗೆಲ್ಲ ಇದ್ದ ಚಿಂತೆ ಅತ್ತೆಯ ಕಾಲಿನದು. ದಿನಾ ನಡೆಯದಿದ್ದರೆ ಮಂಡಿ ಹಾಗೇ ಬಿಗಿದುಕೊಂಡುಬಿಡುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದರು. ಅತ್ತೆ ಮಾತ್ರ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಅವರದು ಮಹಡಿಯ ಮೇಲಿನ ಎರಡು ಕೋಣೆಯ ಮನೆ, ಬಾಗಿಲು ತೆಗೆದರೆ ಉದ್ದನೆಯ ಬಯಲು ತಾರಸಿ. ಮೆಟ್ಟಿಲಿಳಿಯುವುದು ಬೇಡ, ಅಲ್ಲೇ ನಡೆಯಿರಿ ಎಂದರೆ, ‘ಗೋಡೆಯಿಂದ ಗೋಡೆಗೆ ಸುಮ್‌ಸುಮ್ನೆ ಯಾಕೆ ಓಡಾಡ್ಲಿ? ನೋಡಿದೋರು ಏನಂದ್ಕೋತಾರೆ?’ ಎನ್ನುತ್ತಿದ್ದರು.

‘ಹೆಂಡ್ತಿ ಮಲಗಿದ ಕಡೆ ಮಲಗಿದಾಳೆ, ಇವನು ದೋಣಿ ನೋಡ್ತಾ ಕೂತಿದಾನಂತೆ. ಹೋಗಿ ಬುದ್ಧಿ ಹೇಳು’ ಎಂದು ಅಮ್ಮ ನನ್ನನ್ನು ಕಳಿಸಿದಳು. ಬುದ್ಧಿ ಹೇಳಲು ನಾನು ಯಾವಾಗಲೂ ತಯಾರು.

ಹೋಗಿ ನೋಡಿದರೆ ಮಾವ ತಾರಸಿಯ ಮೇಲೆ ಬಗ್ಗಿ, ದಾರ ಹಿಡಿದು, ಪೇಂಟಿನಲ್ಲಿ ಗೆರೆ ಎಳೆಯುತ್ತಿದ್ದರು. ಎರಡು ಹಾಯಿದೋಣಿಗಳ ನಕ್ಷೆ, ಒಳಗಿನ ಒಲೆ, ಹಾಸಿಗೆ, ಕಪಾಟಿನ ಸಮೇತ, ನಿಜವಾದ ಅಳತೆಯಲ್ಲಿ! ಬಿಳಿ ಗೆರೆಯದು ಮೂವತ್ತಾರು ಅಡಿ, ನೀಲಿ ಗೆರೆಯದು ನಲವತ್ತು. ಜಾಗ ಸಾಲದೆ ಒಂದರ ಮೇಲೊಂದು ಬಿದ್ದಿದ್ದವು. ಥರ್ಟಿ-ಫಾರ್ಟಿ ಸೈಟು, ತಾರಸಿಗೆ ದಕ್ಕಿದ್ದು ಮೂವತ್ತೆಂಟೇ ಅಡಿ. ಹಾಗಾಗಿ ನೀಲಿ ದೋಣಿಯ ಮೂತಿ ಎರಡಡಿ ಪ್ಯಾರಪೆಟ್ ಗೋಡೆ ಹತ್ತಿತ್ತು. ಸೋಲಾರ್ ಹೀಟರಿನ ಒಂದು ಕಾಲೇ ಹಾಯಿಯ ಕಂಬ.

ಪಕ್ಕದ ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದ ಹೆಂಗಸು ಕೇಳಿದರು: ‘ಏನ್ ಅಂಕಲ್, ನಮ್ ಮನೆಗೂ ನುಗ್ಗತ್ತಾ ಇದು?’

‘ಇಲ್ಲಮ್ಮ, ಗಾಳಿ ಆ ಕಡೆಗಿಲ್ಲ.’

‘ಯಾವುದು ತಗೋತೀರಾ ಮಾವ?’ ಎಂದೆ ನಾನು, ವ್ಯಂಗ್ಯವಾಗಿ.

‘ಅದೇ ಯೋಚ್ನೆ ಕಣೋ’ ಎಂದರು, ಗಂಭೀರವಾಗಿ. ‘ಬಿಳಿದು ಸ್ಕೂಟರ್ ಇದ್ದಂಗೆ. ಹಗುರ, ಸ್ವಲ್ಪ ಗಾಳಿ ಬಂದ್ರೂ ಓಡತ್ತೆ. ನೀಲಿದು ಹಳೇ ಸಿಟಿ ಬಸ್ಸು. ನಿಧಾನ, ಆದ್ರೆ ಅಡೀಲಿ ಟನ್‌ಗಟ್ಲೆ ಸೀಸ ಇದೆ, ಎಂಥಾ ಅಲೆಗೂ ಮಗುಚಲ್ಲ.’

‘ಸಮುದ್ರ ಎಲ್ಲಿದೆ?’

‘ಮೊದ್ಲು ದೋಣಿ ಡಿಸೈಡ್ ಆಗ್ಲಿ.’

ಇಷ್ಟು ಕ್ರಮಬದ್ಧವಾದ ಹುಚ್ಚಿಗೆ ತತ್ತ್ವಶಾಸ್ತ್ರದಲ್ಲಿ ಉತ್ತರವಿಲ್ಲ. ಮಾವ ಒಳಗೆ ಕೂಗಿದರು: ‘ಅಡುಗೆಮನೆ ವಿಷ್ಯ ನಂಗೆ ಗೊತ್ತಾಗಲ್ಲ ಕಣೇ. ಸ್ವಲ್ಪ ಬಂದು ನೋಡ್ತೀಯಾ?’

ಅತ್ತೆಗೆ ಈ ಲೋಕದಲ್ಲಿ ತಡೆದುಕೊಳ್ಳಲಾಗದ್ದು ಒಂದೇ, ಬೇರೆಯವರು ಜೋಡಿಸಿದ ಅಡುಗೆಮನೆ. ನೆಂಟರ ಗೃಹಪ್ರವೇಶಕ್ಕೆ ಹೋದರೆ, ಹೋಮದ ಹೊಗೆ ಆರುವ ಮೊದಲೇ ಆ ಮನೆಯ ಸಾರಿನಪುಡಿ ಡಬ್ಬಿಯ ಜಾಗ ಬದಲಾಗಿರುತ್ತದೆ. ವಾಕರ್ ಹಿಡಿದುಕೊಂಡು ಬಾಗಿಲಿಗೆ ಬಂದರು. ನೀಲಿ ದೋಣಿಯನ್ನು ನೋಡಿದರು. ಮುಖ ಕೆಂಪಾಯಿತು.

‘ಒಲೆ ಇಲ್ಲಿ, ನೀರು ಅಲ್ಲಿ? ಯಾವ ಪುಣ್ಯಾತ್ಮ ಮಾಡಿದ್ದು ರೀ ಇದನ್ನ?’

‘ಯಾರೋ ಫಾರಿನ್ನೋರು.’

‘ಅವರ ಮನೇಲಿ ಯಾರೂ ಅಡುಗೆ ಮಾಡಲ್ವೇನೋ.’

‘ಒಲೆಯಿಂದ ಹಾಸಿಗೆಗೆ ಎಷ್ಟು ಹೆಜ್ಜೆ ನೋಡು. ರಾತ್ರಿ ಬಿಸಿನೀರು ತರ್ಬೇಕಾಗತ್ತೆ.’

ಅತ್ತೆ ನಡೆದರು. ‘ಮೂವತ್ತು. ಅಷ್ಟೊತ್ತಿಗೆ ತಣ್ಣಗಾಗಿರತ್ತೆ.’

‘ಬಿಳಿದ್ರಲ್ಲಿ?’

ಮತ್ತೆ ನಡೆದರು. ‘ಇಪ್ಪತ್ತೇಳು. ಇದೇ ವಾಸಿ. ಆದ್ರೆ ತಟ್ಟೆ ಎಲ್ಲಿಡೋದು?’

ನಾನು ಅಮ್ಮನಿಗೆ ಫೋನ್ ಮಾಡಿ, ಮಾವನಿಗೆ ಹಿಡಿದದ್ದು ಈಗ ಅತ್ತೆಗೂ ಅಂಟಿದೆ ಎಂದು ವರದಿ ಒಪ್ಪಿಸಿದೆ.

ಅಲ್ಲಿಂದ ಮುಂದಿನದು ನನ್ನ ನೆನಪಿನಲ್ಲಿ ಕಲಸಿಹೋಗಿದೆ. ಸೋಮವಾರ ಬಿಳಿ ಗೆದ್ದರೆ ಮಂಗಳವಾರ ಮಾವ ಹೊಸ ತಕರಾರು ತೆಗೆಯುತ್ತಿದ್ದರು. ತಟ್ಟೆಯ ಕಪಾಟು ಆ ತುದಿಗೆ ಹೋಗುತ್ತಿತ್ತು, ಅತ್ತೆ ಬಯ್ಯುತ್ತ ಅಲ್ಲಿಯವರೆಗೆ ನಡೆದು ನೋಡಿ ಬರುತ್ತಿದ್ದರು. ವಾಕರ್ ಹೋಗಿ ಊರುಗೋಲು ಬಂದದ್ದು ಯಾವಾಗ? ಗೊತ್ತಿಲ್ಲ. ಬೇಸತ್ತು ನಾನೇ ಒಂದು ದಿನ ಹೇಳಿದೆ: ‘ಆರು ತಿಂಗಳಾಯ್ತು ಮಾವ. ಯಾವುದಾದ್ರೂ ಒಂದು ಆರಿಸಿ.’

‘ಆರಿಸಿದ್ರೆ ಮುಗ್ದೋಯ್ತಲ್ಲೋ’ ಎಂದರು. ಸೋಮಾರಿಯ ಮಾತು ಎಂದುಕೊಂಡೆ.

ಕೊನೆಗೆ ನನ್ನ ಚಟ ನನ್ನನ್ನು ಬಿಡಲಿಲ್ಲ. ನೀಲಿ ದೋಣಿ ತಯಾರಿಸುವವರ ಅಸಲಿ ನಕ್ಷೆಯನ್ನು ಹುಡುಕಿ, ಪ್ರಿಂಟ್ ತೆಗೆಸಿ, ಟೇಪು ಹಿಡಿದು ಹೋದೆ. ಮಾವ ಹಾಲು ತರಲು ಹೋಗಿದ್ದರು. ಅಳೆಯುತ್ತ ಹೋದೆ. ಉದ್ದ ಸರಿ. ಅಗಲ ಸರಿ. ಕಂಬದ ಜಾಗವೂ ಸರಿ. ಉಳಿದದ್ದು ಒಲೆ. ನಕ್ಷೆಯಲ್ಲಿ ಒಲೆಯಿಂದ ಹಾಸಿಗೆಗೆ ಏಳಡಿ. ತಾರಸಿಯ ಮೇಲೆ ಒಲೆ ಈ ತುದಿಗೆ, ಹಾಸಿಗೆ ಆ ತುದಿಗೆ, ಮೂವತ್ತೊಂದು ಅಡಿ.

‘ಲೋ, ಒಲೆ ಮೇಲೆ ಕೂತ್ಕೋಬೇಡ್ವೋ’ ಎಂದು ಆ ತುದಿಯಿಂದ ಕೂಗಿದರು ಅತ್ತೆ. ಕೈಯಲ್ಲಿ ನನಗೆಂದು ತಂದ ಕಾಫಿ ಲೋಟ. ಊರುಗೋಲು ಸೋಲಾರ್ ಹೀಟರಿಗೆ ಒರಗಿಕೊಂಡಿತ್ತು.

ಮೇಲೆ ಬರೆದದ್ದರಲ್ಲಿ ಎಷ್ಟೋ ಹೆಚ್ಚುಕಡಿಮೆ ಇರಬಹುದು. ಇದೊಂದು ಮಾತ್ರ ಖಚಿತ: ಕೂದಲೆಳೆಗೆ ಮಾಲು ವಾಪಸ್ ಕಳಿಸುತ್ತಿದ್ದ ಆ ಮನುಷ್ಯನ ಅಳತೆ ಇಪ್ಪತ್ತನಾಲ್ಕು ಅಡಿ ತಪ್ಪಿತ್ತು. ಕಾಫಿ ಕುಡಿದು ಇನ್ನೊಮ್ಮೆ ಅಳೆದೆ. ಇಪ್ಪತ್ತನಾಲ್ಕೇ.