ಕಳ್ಳನಿಗೆಂದು ಇಟ್ಟ ಪರ್ಸು

ಹೆದರುವುದಕ್ಕೂ ಅಭ್ಯಾಸ ಬೇಕು. ನನ್ನದು ಹಲವು ವರ್ಷಗಳ ಸಾಧನೆ. ನೈರೋಬಿಗೆ ಕೆಲಸಕ್ಕೆ ಬಂದ ಹೊಸದರಲ್ಲೇ ಆಫೀಸಿನ ಭದ್ರತಾ ಅಧಿಕಾರಿ ನಮ್ಮನ್ನೆಲ್ಲ ಕೂರಿಸಿಕೊಂಡು, ರಸ್ತೆಯಲ್ಲಿ ಯಾರಾದರೂ ಅಡ್ಡಗಟ್ಟಿದರೆ ವಾದ ಮಾಡಬೇಡಿ, ಮುಖ ನೋಡಬೇಡಿ, ಪರ್ಸು ಕೊಟ್ಟು ಹೊರಟುಬಿಡಿ ಎಂದು ಪಾಠ ಹೇಳಿದ್ದರು. ಉಳಿದವರು ತಲೆಯಾಡಿಸಿ ಮರೆತರು. ನಾನು ಮಾತ್ರ ಆ ಸಂಜೆಯೇ ನ್ಗಾರಾ ಪೇಟೆಯ ಅಂಗಡಿಗೆ ಹೋಗಿ, ಪಾಸ್‌ಪೋರ್ಟು ಹಿಡಿಸುವಂಥ, ಒಂದೇ ತೆರನ ಎರಡು ಕಂದು ಪರ್ಸು ಕೊಂಡುತಂದೆ. ಒಂದು ನನ್ನದು, ಇನ್ನೊಂದು ಕಳ್ಳನದು. ಕಳ್ಳನದರಲ್ಲಿ ಅವಧಿ ಮುಗಿದ ಕಾರ್ಡುಗಳೂ, ಪಾಪ, ಬರಿಗೈಲಿ ಹೋಗಬಾರದೆಂದು ಒಂದಿಷ್ಟು ಶಿಲ್ಲಿಂಗ್ ನೋಟುಗಳೂ ಇರುತ್ತವೆ. ನಿಜ ಹೇಳಬೇಕೆಂದರೆ ಇಷ್ಟು ವರ್ಷಗಳಲ್ಲಿ ಆ ಪರ್ಸಿಗೆ ಒಬ್ಬ ಗಿರಾಕಿಯೂ ಬಂದಿಲ್ಲ. ಒಮ್ಮೆ ವೆಸ್ಟ್‌ಲ್ಯಾಂಡ್ಸಿನಲ್ಲಿ ಅದು ಜೇಬಿನಿಂದ ಬಿದ್ದಾಗ ಮಟಾಟು ವ್ಯಾನಿನ ಕಂಡಕ್ಟರೊಬ್ಬ ಗಾಡಿ ನಿಲ್ಲಿಸಿ, ಕೂಗಿ ಕರೆದು ಕೊಟ್ಟ. ಅದರಿಂದಲೂ ನನಗೆ ಬುದ್ಧಿ ಬರಲಿಲ್ಲ.

ಹೋದ ರಜೆಯಲ್ಲಿ ಹೆಂಡತಿ ಶೈಲಾ, ಮಗಳು ಇಂಚರಾಳ ಜೊತೆ ಪ್ಯಾರಿಸಿಗೆ ಹೋದಾಗ ಎರಡು ಪರ್ಸುಗಳೂ ನಮ್ಮೊಡನೆ ಪ್ರವಾಸ ಬಂದವು. ಪ್ಯಾರಿಸಿನ ಜೇಬುಗಳ್ಳರ ಮುಂದೆ ನಮ್ಮೂರಿನವರು ಏನೂ ಅಲ್ಲ ಎಂದು ನೈರೋಬಿಯ ಕನ್ನಡ ಮಿತ್ರರೆಲ್ಲ ಹೇಳಿ ಕಳಿಸಿದ್ದರು. ಕೊನೆಯ ದಿನ ಹೋಟೆಲು ಖಾಲಿ ಮಾಡಿ, ರಾತ್ರಿಯ ವಿಮಾನದವರೆಗೆ ಊರು ನೋಡಲು ಹೊರಟೆವು. ಮೂವರ ಪಾಸ್‌ಪೋರ್ಟೂ ನನ್ನ ಪರ್ಸಿನಲ್ಲಿ, ಕಳ್ಳನ ಪರ್ಸು ಕೋಟಿನ ಜೇಬಿನಲ್ಲಿ, ನನ್ನದು ಅಂಗಿಯೊಳಗೆ. ಅದೊಂದು ಹೋದರೆ ವಿಮಾನವೂ ಇಲ್ಲ, ಮನೆಯೂ ಇಲ್ಲ, ನಾವು ಯಾರೆಂದು ಹೇಳುವುದಕ್ಕೆ ನಮ್ಮ ಬಾಯಿ ಬಿಟ್ಟರೆ ಬೇರೆ ಸಾಕ್ಷಿಯಿಲ್ಲ. ಹೀಗಾಗಿ ನಾನು ಬೆಳಗಿನಿಂದ ಹೊಟ್ಟೆಯ ಮೇಲಿಟ್ಟ ಕೈ ತೆಗೆದಿರಲಿಲ್ಲ. ಯಾರೋ ಅಜ್ಜಿ ಕನಿಕರಪಟ್ಟು ಶೌಚಾಲಯದ ದಾರಿ ತೋರಿಸಿದರು. ಇಂಚರಾ, "ಅಪ್ಪಾ, ಲುಕ್ ಅಟ್ ದ ರಿವರ್," ಎಂದಳು. ನಾನು ನದಿ ನೋಡುತ್ತಿದ್ದವರ ಕೈಗಳನ್ನು ನೋಡುತ್ತಿದ್ದೆ.

"ಅಷ್ಟು ದುಡ್ಡು ಸುರಿದು ಬಂದಿದೀವಿ, ಒಂದ್ಸಲ ತಲೆ ಎತ್ತಿ ನೋಡ್ರೀ," ಎಂದಳು ಶೈಲಾ.

"ನಾನು ತಲೆ ಎತ್ತಿದ್ರೆ ಜೇಬು ಯಾರು ನೋಡ್ತಾರೆ?" ಎಂದೆ.

ಐಫೆಲ್ ಗೋಪುರದ ಬಳಿ ತಪಾಸಣೆಗೆ ಮೈಮೇಲಿನದನ್ನೆಲ್ಲ ತಟ್ಟೆಯಲ್ಲಿಡಬೇಕಾಯಿತು. ಎರಡೂ ಪರ್ಸುಗಳು ಪಕ್ಕಪಕ್ಕ ಮಲಗಿ ಆಚೆ ಬಂದವು. ಹಿಂದಿನವರ ನೂಕಾಟದಲ್ಲಿ ಒಂದನ್ನು ಅಂಗಿಯೊಳಗೆ, ಇನ್ನೊಂದನ್ನು ಕೋಟಿನ ಜೇಬಿಗೆ ತುರುಕಿಕೊಂಡೆ. ಗೋಪುರ ನೋಡಿ ಇಳಿದು, ಆಚೆ ಒಂದು ಬೆಂಚಿನ ಮೇಲೆ ಬ್ರೆಡ್ಡು ತಿಂದು ಹೊರಟೆವು. ಸ್ವಲ್ಪ ದೂರ ನಡೆದಿದ್ದೆವೋ ಇಲ್ಲವೋ, ಹಿಂದಿನಿಂದ ದಡದಡ ಓಡಿ ಬಂದ ಸದ್ದು. ಭುಜದ ಮೇಲೊಂದು ಕೈ ಬಿತ್ತು.

ಇಷ್ಟು ವರ್ಷಗಳ ತಾಲೀಮು ಸುಮ್ಮನಾಗುತ್ತದೆಯೇ? ವಾದ ಮಾಡಲಿಲ್ಲ, ಮುಖ ನೋಡಲಿಲ್ಲ. ಕೋಟಿನ ಜೇಬಿನ ಪರ್ಸನ್ನು ಆ ಕೈಗೆ ತುರುಕಿ, ಬಾಯಿಗೆ ಬಂದ "ಅಸಾಂಟೆ"ಯನ್ನೂ ಹೇಳಿ, ಹೆಂಡತಿ ಮಗಳ ರಟ್ಟೆ ಹಿಡಿದು ಬಿರಬಿರನೆ ನಡೆದೆ. ಕಳ್ಳನಿಗೆ ನಮ್ಮ ಸ್ವಾಹಿಲಿಯಲ್ಲಿ ಧನ್ಯವಾದ ಹೇಳಿದವನು ಪ್ಯಾರಿಸಿನಲ್ಲಿ ನಾನೊಬ್ಬನೇ ಇರಬೇಕು.

ಆತ ಕೂಗುತ್ತ ಹಿಂದೆಯೇ ಬಂದ.

"ಕೊಟ್ಟಾಯ್ತಲ್ರೀ, ಇನ್ನೇನಂತೆ ಅವನಿಗೆ?" ಎಂದು ಶೈಲಾ ಏದುಸಿರು ಬಿಟ್ಟಳು.

"ಬಿಚ್ಚಿ ನೋಡಿರ್ತಾನೆ. ಶಿಲ್ಲಿಂಗ್ ಇಲ್ಲಿ ನಡೆಯಲ್ಲ ಅಂತ ಸಿಟ್ಟು ಬಂದಿರತ್ತೆ. ಬೇಗ ನಡಿ."

"ಅಪ್ಪಾ, ಹೀ ಹ್ಯಾಸ್ ಮೈ ಜಾಕೆಟ್," ಎಂದಳು ಇಂಚರಾ.

"ಹೋಗ್ಲಿ ಬಿಡು, ಜಾಕೆಟ್ಟೂ ತಗೊಳ್ಳಲಿ."

"ನೋ, ಅಪ್ಪಾ. ಐ ಲೆಫ್ಟ್ ಇಟ್ ಆನ್ ದ ಬೆಂಚ್. ಹೀ ಈಸ್ ಗಿವಿಂಗ್ ಇಟ್ ಬ್ಯಾಕ್."

ನಿಂತೆ. ಕೈ ತಾನಾಗಿ ಅಂಗಿಯೊಳಗೆ ಹೋಯಿತು. ಪರ್ಸು ತೆಗೆದು ಜಿಪ್ಪು ಎಳೆದರೆ, ಅವಧಿ ಮುಗಿದ ಕಾರ್ಡುಗಳು, ಮಡಿಸಿಟ್ಟ ಶಿಲ್ಲಿಂಗುಗಳು. ಪಾಸ್‌ಪೋರ್ಟಿನ ಪರ್ಸನ್ನೇ ಕೈಯಾರೆ ಕೊಟ್ಟುಬಿಟ್ಟಿದ್ದೆ. ತಿರುಗಿ ನೋಡಿದರೆ, ನಮ್ಮನ್ನು ಹಿಡಿಯಲಾಗದೆ ಸೋತ ಆ ಮನುಷ್ಯ ಜಾಕೆಟ್ಟು, ಪರ್ಸು ಎರಡನ್ನೂ ಹಿಡಿದು ವಾಪಸ್ಸು ಹೊರಟಿದ್ದ.

ಈಗ ಓಡುವ ಸರದಿ ನನ್ನದು. "ಹಲೋ, ಹಲೋ, ಮೈ ಪರ್ಸ್" ಎಂದು ಅರಚುತ್ತ, ಕೋಟು ಹಾರಿಸಿಕೊಂಡು ಓಡಿದೆ. ಆತ ಹಿಂತಿರುಗಿ ನೋಡಿದ. ಮೊದಲು ಒಂದು ಹೆಜ್ಜೆ ಹಿಂದೆ ಸರಿದ. ಆಮೇಲೆ ಹೆಗಲಿನ ತನ್ನ ಚೀಲವನ್ನು ಎದೆಗವಚಿಕೊಂಡು, ನನ್ನ ಮುಖ ನೋಡದೆ, ವಾದ ಮಾಡದೆ, ಜಾಕೆಟ್ಟನ್ನೂ ಪರ್ಸನ್ನೂ ದೂರದಿಂದಲೇ ಚಾಚಿ ನನ್ನ ಕೈಗಿಟ್ಟು, ಬಿರಬಿರನೆ ಹೊರಟುಹೋದ. ಪಾಸ್‌ಪೋರ್ಟು ಮೂರೂ ಇದ್ದವು.

ನೈರೋಬಿಗೆ ಮರಳಿದ ಮೇಲೆ ಕಳ್ಳನ ಪರ್ಸನ್ನು ಎಸೆದುಬಿಡಿ ಎಂದು ಶೈಲಾ ದಿನಾ ಹೇಳುತ್ತಾಳೆ. ಎಸೆಯಲು ಮನಸ್ಸಾಗುತ್ತಿಲ್ಲ. ಕಣ್ಮುಂದೆ ಆ ಮನುಷ್ಯನೇ ಬರುತ್ತಾನೆ. ಅಂದು ಮನೆಗೆ ಹೋಗಿ ಹೆಂಡತಿ ಮಕ್ಕಳಿಗೆ, ಗೋಪುರದ ಹತ್ತಿರ ಎಂಥೆಂಥವರು ಸುತ್ತುತ್ತಿರುತ್ತಾರೆ, ಹುಷಾರು ಎಂದು ಹೇಳಿರುತ್ತಾನೆ. ಈಗ ಅವನೂ ಎರಡು ಪರ್ಸು ಇಟ್ಟುಕೊಂಡು ಓಡಾಡುತ್ತಿರಬಹುದು. ಅದರಲ್ಲೊಂದು ನನಗೆಂದು ಇಟ್ಟದ್ದು.