ಜ್ವರಕ್ಕೆ ಕೂತ ಕಂಪ್ಯೂಟರ್

ಎಂಬತ್ತರ ದಶಕದ ಕೋಲಾರದಲ್ಲಿ ನಮ್ಮ ದೊಡ್ಡಪ್ಪನಷ್ಟು ಚೆನ್ನಾಗಿ ಕಂಪ್ಯೂಟರನ್ನು ಅರ್ಥ ಮಾಡಿಕೊಂಡವರು ಇನ್ನೊಬ್ಬರಿರಲಿಲ್ಲ. ಅದು ಕಂಪ್ಯೂಟರ್ ಅನ್ನುವುದೊಂದು ಬಿಟ್ಟು ಮಿಕ್ಕಿದ್ದೆಲ್ಲ ಅವರಿಗೆ ಅರ್ಥವಾಗಿತ್ತು. ಅವರ ಪ್ರಕಾರ ಅದೊಂದು ರೇಷ್ಮೆ ಹುಳು!

ನಗಬೇಡಿ. ದೊಡ್ಡಪ್ಪ ಬೈರಕೂರಿನ ಹುಳುಮನೆಯಲ್ಲಿ ಹುಟ್ಟಿ ಬೆಳೆದವರು. ಕೋಲಾರದ ಕಚೇರಿಯೊಂದರಲ್ಲಿ ಟೈಪಿಸ್ಟ್ ಆದಮೇಲೂ ಎಷ್ಟೋ ವರ್ಷ ರಜೆ ಸಿಕ್ಕರೆ ಸಾಕು, ಊರಿಗೆ ಓಡಿ ಹುಳುವಿಗೆ ಸೊಪ್ಪು ಹಾಕುತ್ತಿದ್ದವರು. ನಿವೃತ್ತಿಗೆ ಎರಡೇ ವರ್ಷ ಉಳಿದಿದ್ದಾಗ ಕಚೇರಿಗೆ ಕಂಪ್ಯೂಟರ್ ಬಂತು. ಸಾಹೇಬರು ಕರೆದು, "ದಸರಾ ಮುಗಿಯೋ ಹೊತ್ತಿಗೆ ಹಿಪ್ಪುನೇರಳೆ ಬೆಳೆಯೋರ ಪಟ್ಟಿ ಪೂರ್ತಿ ಇದರಲ್ಲಿ ಇರ್ಬೇಕು. ಆಗ್ಲಿಲ್ಲ ಅಂದ್ರೆ ಟೈಪ್‌ರೈಟರ್ ಇರೋ ಕಡೆ ನಿಮ್ಮನ್ನ ಕಳಿಸ್ಬೇಕಾಗುತ್ತೆ. ಬೀದರ್‌ನಲ್ಲಿ ಇದೆ" ಅಂದರು.

ದೊಡ್ಡಪ್ಪ ಬೆಂಗಳೂರು ದಾಟಿದವರಲ್ಲ. ನಾನಾಗ ಕೋಲಾರದ ಶಾಲೆಯಲ್ಲಿ ಮೇಡಂ ಕೆಲಸಕ್ಕೆ ಸೇರಿ ಅವರ ಮನೆಯಲ್ಲೇ ಇದ್ದೆ. "ಬೀದರ್‌ನಲ್ಲಿ ಹಿಪ್ಪುನೇರಳೆ ಬೆಳೀತಾರೇನಮ್ಮಾ?" ಎಂದು ಮೂರು ದಿನ ನನ್ನ ತಲೆ ತಿಂದರು. ನಾನು ಪಾಠ ಮಾಡುತ್ತಿದ್ದದ್ದು ಗಣಿತ!

ನಾಲ್ಕನೆಯ ದಿನ ಕಂಪ್ಯೂಟರ್ ಕೋಣೆ ನೋಡಿಕೊಂಡು ಬಂದವರ ಮುಖ ಅರಳಿತ್ತು. "ಭಯ ಏನಿಲ್ಲ ಕಣಮ್ಮ. ಚಪ್ಪಲಿ ಆಚೆ ಬಿಡ್ಬೇಕು, ಧೂಳು ಕೂಡದು, ತಂಪಾಗಿರ್ಬೇಕು, ಕಂಡಕಂಡೋರ್ನ ಒಳಗೆ ಬಿಡ್ಬಾರ್ದು. ಹುಳುಮನೇನೇ ಅದು."

ಮರುದಿನದಿಂದ ಆ ಬಾಗಿಲಲ್ಲಿ ಒಂದು ಬಕೆಟ್ ನೀರು, ಒಂದು ಸೋಪು. ಕೈ ತೊಳೆದರಷ್ಟೇ ಸಾಲದು, ದೊಡ್ಡಪ್ಪನ ಮೂಗಿನ ಮುಂದೆ ಹಿಡಿಯಬೇಕು. ಹೊಗೆಸೊಪ್ಪಿನ ವಾಸನೆ ತಗುಲಿದರೆ ಹುಳು ಸಾಯುತ್ತದಲ್ಲ! ಸಿಗರೇಟು ಸೇದುವ ಸಾಹೇಬರನ್ನು ಎರಡು ಸಲ ವಾಪಸು ಕಳಿಸಿದರಂತೆ.

ಒಂದು ದಿನ ಪರದೆಯ ಮೇಲಿನ ಹಸಿರು ಅಕ್ಷರಗಳು ಅಲ್ಲಾಡದೆ ನಿಂತುಬಿಟ್ಟವು. ಕಲಿಸಲು ಬಂದಿದ್ದ ಬೆಂಗಳೂರಿನ ಎಂಜಿನಿಯರ್ ಗುಂಡಿ ಒತ್ತಲು ಹೋದರೆ ದೊಡ್ಡಪ್ಪ ಅಡ್ಡ ನಿಂತರು. ಗಾಬರಿಯಾದರೆ ಅವರ ಬಾಯಿಗೆ ತೆಲುಗೇ ಮೊದಲು ಬರುವುದು. "ವದ್ದು ಸಾರ್, ವದ್ದು. ಜ್ವರಕ್ಕೆ ಕೂತಿದೆ. ಈಗ ಮುಟ್ಬಾರ್ದು." ಪೊರೆ ಬಿಡುವ ಮುಂಚೆ ಹುಳು ಮೇವು ಬಿಟ್ಟು ಸುಮ್ಮನಾಗುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಎಂಜಿನಿಯರಿಗೆ ಅದೆಲ್ಲಿ ಗೊತ್ತು? ಸಂಜೆ ಕರೆಂಟು ಹೋಗಿ ಬಂದಾಗ ಕಂಪ್ಯೂಟರ್ ತಾನಾಗಿ ಎದ್ದಿತು. "ನೋಡಿದ್ರಾ?" ಅಂದರು ದೊಡ್ಡಪ್ಪ.

ಎದ್ದಿತು ನಿಜ, ಆದರೆ ಬೆಳಗಿನಿಂದ ಹೊಡೆದಿದ್ದ ಗೌನಿಪಲ್ಲಿ ರೈತರ ಹೆಸರುಗಳಷ್ಟೂ ಮಾಯ! ಅವತ್ತಿನಿಂದ ಹೊತ್ತುಹೊತ್ತಿಗೆ ಸೊಪ್ಪು ಹಾಕಿದಂತೆ ಹತ್ತು ಹೆಸರಿಗೊಮ್ಮೆ ಫ್ಲಾಪಿಗೆ ತುಂಬುವುದನ್ನು ಕಲಿತರು. ಕಚೇರಿಯ ಹುಡುಗರಿಗೂ ಅದನ್ನೇ ಕಲಿಸಿದರು.

ಅಷ್ಟಕ್ಕೇ ನಿಲ್ಲಲಿಲ್ಲ. ರೋಗ ಬಂದರೆ ಬೆಳೆ ಪೂರ್ತಿ ಹೋಗದಿರಲಿ ಎಂದು ಅರ್ಧ ಹುಳುವನ್ನು ನಂಬಿಕಸ್ತರ ಮನೆಯಲ್ಲಿ ಇಡುವುದು ನಮ್ಮ ದೊಡ್ಡಪ್ಪನ ಹಳೆಯ ಪದ್ಧತಿ. ಹಾಗೆಯೇ ಪ್ರತಿ ಶನಿವಾರ ಪಟ್ಟಿಯ ಇನ್ನೊಂದು ನಕಲನ್ನು ಬೇರೆ ಫ್ಲಾಪಿಗೆ ತೆಗೆದು, ನಾನು ಊರಿಗೆ ಹೊರಟಾಗ ನನ್ನ ಕೈಗೆ ಕೊಡುತ್ತಿದ್ದರು. "ಮನೇಲಿ ಇಡ್ಸು."

ಮನೆ ಅಂದರೆ ಬೈರಕೂರಿನ ನಮ್ಮ ಮನೆ. ತಮಾಷೆ ಏನು ಗೊತ್ತೇ? ಅಲ್ಲಿರುವ ನಮ್ಮಪ್ಪ, ಅಂದರೆ ಅವರ ಸ್ವಂತ ತಮ್ಮ, ಅವರೊಂದಿಗೆ ಮಾತಾಡಿ ಹನ್ನೆರಡು ವರ್ಷವಾಗಿತ್ತು! ಹಿಂದೊಮ್ಮೆ ಇಡೀ ಬೆಳೆ ಸತ್ತಾಗ ದೊಡ್ಡಪ್ಪ ಊರೆಲ್ಲರ ಮುಂದೆ, "ಬೀಡಿ ಸೇದಿದ ಕೈಲಿ ಹುಳು ಮುಟ್ಟಿದಾನೆ" ಅಂದಿದ್ದರು. ಅಪ್ಪ ಅವತ್ತೇ ಬೀಡಿ ಬಿಟ್ಟರು, ಅಣ್ಣನನ್ನೂ ಬಿಟ್ಟರು. ಆದರೂ ಫ್ಲಾಪಿ ಕೊಟ್ಟರೆ, "ಅವನ ಹುಳಾನಾ?" ಎಂದಷ್ಟೇ ಕೇಳಿ, ಸ್ಟೀಲ್ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕುತ್ತಿದ್ದರು.

ಪಟ್ಟಿ ಮುಗಿಯಿತು, ಅದರ ನಕಲೂ ಊರು ಸೇರಿತು, ಆಯುಧಪೂಜೆ ಬಂತು. ಆ ಕಾಲದ ಫ್ಲಾಪಿ ನೀವು ನೋಡಿದ್ದೀರಾ? ಕರಿಯ ಚೌಕ, ಅದರಲ್ಲಿ ಉದ್ದನೆಯ ಒಂದು ಕಿಂಡಿ, ಕಿಂಡಿಯೊಳಗೆ ಮಿರಮಿರ ಮಿಂಚುವ ಹಾಳೆ. ಕುಂಕುಮ ಇಡಲಿಕ್ಕೆಂದೇ ಬಿಟ್ಟ ಜಾಗದಂತಿತ್ತು. ದೊಡ್ಡಪ್ಪ ಸ್ನಾನ ಮಾಡಿ, ಕೈ ತೊಳೆದು, ಕಚೇರಿಯ ಅಷ್ಟೂ ಫ್ಲಾಪಿಗಳ ಆ ಕಿಂಡಿಗೇ ನೀರಲ್ಲಿ ಕಲಸಿದ ಕುಂಕುಮ ಇಟ್ಟರು. ಧೂಳು ಕೂಡದು ಅಂದಿದ್ದರೇ ಹೊರತು ಕುಂಕುಮದ ಮಾತು ಯಾರೂ ಎತ್ತಿರಲಿಲ್ಲ!

ಹಬ್ಬ ಕಳೆದು ನೋಡಿದರೆ ಒಂದೂ ಓದುತ್ತಿಲ್ಲ. ಎಂಜಿನಿಯರ್ ಬಂದು ಕಂಪ್ಯೂಟರಿನ ಬಾಯಿ ಒರೆಸಿ ಸರಿ ಮಾಡಿದರು. ಫ್ಲಾಪಿಗಳಿಗೆ ಮಾತ್ರ ಕೈ ಮುಗಿದುಬಿಟ್ಟರು. ಮರುದಿನವೇ ಸಾಹೇಬರಿಗೆ ಪಟ್ಟಿ ಒಪ್ಪಿಸಬೇಕು. ದೊಡ್ಡಪ್ಪ ಮನೆಗೆ ಬಂದು ಜಗಲಿಯ ಮೇಲೆ ಕುಸಿದರು. "ನನ್ನ ಕೈಯಾರೆ ಕೊಂದೆ ಕಣಮ್ಮ." ಊಟಕ್ಕೂ ಏಳಲಿಲ್ಲ. ಊರಿನ ಡಬ್ಬಿಯ ನೆನಪು ಮಾಡಿದರೆ, "ಅವನ್ನ ಯಾವ ಮುಖ ಇಟ್ಕೊಂಡು ಕೇಳ್ಲಿ?" ಅಂದರು. ಅವರನ್ನು ಹಾಗೆ ನಾನು ಎಂದೂ ನೋಡಿರಲಿಲ್ಲ. ಊರಿನಲ್ಲಿ ತಂಗುವ ಬಸ್ಸಿನ ಕಂಡಕ್ಟರ್ ಕೈಲಿ ಅಪ್ಪನಿಗೆ ಚೀಟಿ ಕಳಿಸಿದೆ: 'ಬೆಳಿಗ್ಗೆ ಇವರ ಕೈಲೇ ಫ್ಲಾಪಿ ಕೊಟ್ಟು ಕಳಿಸಿ.'

ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಕಾದರೆ, ಇಳಿದದ್ದು ಅಪ್ಪ. ಒಗೆದ ಪಂಚೆ, ಎದೆಗವಚಿಕೊಂಡ ಸ್ಟೀಲ್ ಡಬ್ಬಿ.

"ಕಂಡಕ್ಟರ್ ಕೈಲಿ ಕೊಡೋದಲ್ವಾ ಅಪ್ಪ?"

"ಅವನು ಬೀಡಿ ಸೇದ್ತಾನೆ."

ಕಚೇರಿಯ ಗೇಟಿನಲ್ಲೇ ಚಪ್ಪಲಿ ಬಿಟ್ಟರು. ಬಕೆಟ್ಟಿನ ಹತ್ತಿರ ಡಬ್ಬಿಯನ್ನು ನನಗೆ ಕೊಟ್ಟು, ಸೋಪು ಹಚ್ಚಿ ಮೊಣಕೈವರೆಗೂ ತೊಳೆದರು. ಆಮೇಲೆ ಎಲ್ಲರಂತೆ ಎರಡೂ ಕೈಗಳನ್ನು ಬಾಗಿಲಲ್ಲಿ ನಿಂತಿದ್ದ ದೊಡ್ಡಪ್ಪನ ಮೂಗಿನ ಮುಂದೆ ಹಿಡಿದರು.

"ನೋಡ್ಕೋ ಅಣ್ಣ. ಡಬ್ಬೀಗೆ ಹಾಕೋವಾಗ್ಲೂ ತೊಳ್ಕೊಂಡೇ ಮುಟ್ಟಿದ್ದು."

ದೊಡ್ಡಪ್ಪ ಮೂಸಲಿಲ್ಲ. ಆ ಒದ್ದೆ ಕೈಗಳನ್ನು ಹಿಡಿದುಕೊಂಡು ನಿಂತುಬಿಟ್ಟರು.

"ಅವತ್ತೂ ನೀನು ತೊಳ್ಕೊಂಡಿದ್ದೆ ಕಣೋ" ಅಂದರು. "ನಂಗೊತ್ತಿತ್ತು."

ನಾನು ಅಳುತ್ತಾ ಡಬ್ಬಿ ಹಿಡಿದು ಒಳಗೆ ನುಗ್ಗಿದೆ. ನನ್ನ ಕಾಲಲ್ಲಿ ಚಪ್ಪಲಿ ಹಾಗೇ ಇತ್ತು. ಯಾರೂ ಬೈಯಲಿಲ್ಲ.